ಗ್ರೀನ್ ಕೇಪಿನ ಪ್ರಶ್ನೆ

ಸಿಡ್ನಿಯಿಂದ ಹೋಬಾರ್ಟ್‌ಗೆ ನಡೆಯುವ ಹಾಯಿದೋಣಿಗಳ ಪಂದ್ಯ ಮೊದಲು ಪಂದ್ಯವಾಗಿ ಹುಟ್ಟಿದ್ದೇ ಅಲ್ಲ. 1945ರಲ್ಲಿ, ಮಹಾಯುದ್ಧ ಮುಗಿದು ಕೆಲವೇ ತಿಂಗಳಾಗಿದ್ದಾಗ, ಪೀಟರ್ ಲ್ಯೂಕ್ ಎಂಬ ಛಾಯಾಗ್ರಾಹಕ ಮತ್ತು ಅವನ ಇಬ್ಬರು ಗೆಳೆಯರು ಕ್ರಿಸ್‌ಮಸ್ ರಜೆಯಲ್ಲಿ ತಂತಮ್ಮ ದೋಣಿಗಳನ್ನು ಬಿಚ್ಚಿಕೊಂಡು ಟಾಸ್ಮೇನಿಯಾದ ತನಕ ಹೋಗಿಬರೋಣ ಎಂದು ಮಾತಾಡಿಕೊಂಡಿದ್ದರು. ಹಿಂದಿನ ವರ್ಷ ಅವರೆಲ್ಲ ಸೇರಿ ಕಟ್ಟಿದ್ದ ಸಂಘದ ಹೆಸರೇ ಕ್ರೂಸಿಂಗ್ ಯಾಟ್ ಕ್ಲಬ್. ಪಂದ್ಯದ ಗೊಡವೆ ಬೇಡ, ತಿರುಗಾಡಿಕೊಂಡಿರೋಣ ಎನ್ನುವವರ ಕೂಟ ಅದು. ಆಗ ಸಿಡ್ನಿಯಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಜಾನ್ ಇಲಿಂಗ್‌ವರ್ತ್‌ನನ್ನು ನೀವೂ ಬನ್ನಿ ಎಂದು ಕರೆದರೆ, ಪಂದ್ಯ ಮಾಡುವುದಾದರೆ ಬರುತ್ತೇನೆ ಎಂದನಂತೆ. ಡಿಸೆಂಬರ್ 26ರಂದು ಒಂಬತ್ತು ದೋಣಿಗಳು ಹೊರಟವು. ದಾರಿಯಲ್ಲಿ ಬಿರುಗಾಳಿ ಎದ್ದಿತು. ಬಿರುಗಾಳಿ ಬಂದಾಗ ವಿಹಾರಿಗಳು ಏನು ಮಾಡುತ್ತಾರೋ ಅದನ್ನೇ ಮಿಕ್ಕವರು ಮಾಡಿದರು: ಹಾಯಿ ಇಳಿಸಿದರು, ಕಾದರು. ಇಲಿಂಗ್‌ವರ್ತ್ ಮಾತ್ರ 35 ಅಡಿಯ ತನ್ನ ‘ರಾಣಿ’ಯನ್ನು ನಿಲ್ಲಿಸಲಿಲ್ಲ. ರಾಣಿ ಎಲ್ಲಿಯೂ ಕಾಣದೆ ಜನ ಆತಂಕದಲ್ಲಿದ್ದಾಗಲೇ ಅದು ಹೋಬಾರ್ಟ್ ಮುಟ್ಟಿತ್ತು, 6 ದಿನ 14 ಗಂಟೆ 22 ನಿಮಿಷಗಳಲ್ಲಿ. ಲ್ಯೂಕ್‌ನ ‘ವೇಫೇರರ್’ ಬಂದು ಸೇರಿದಾಗ 11 ದಿನ 6 ಗಂಟೆ 20 ನಿಮಿಷ ಕಳೆದಿತ್ತು. ಇಷ್ಟು ವರ್ಷಗಳಲ್ಲಿ ಆ ಗೆರೆಯನ್ನು ಅಷ್ಟು ತಡವಾಗಿ ದಾಟಿದವರು ಇನ್ನೊಬ್ಬರಿಲ್ಲ.

ನಾನು ಲ್ಯೂಕ್‌ನ ಕಡೆಯವನು. ಹಂಗಾರಕಟ್ಟೆಯ ಅಳಿವೆಯಲ್ಲಿ, ಸೀತಾ ಮತ್ತು ಸ್ವರ್ಣಾ ನದಿಗಳು ಕಡಲಿಗೆ ಇಳಿಯುವಲ್ಲಿ, ನನ್ನದೊಂದು ಹದಿನಾಲ್ಕು ಅಡಿಯ ಫೈಬರ್ ದೋಣಿ ಇದೆ. ಒಂದು ಕೂವೆ, ಎರಡು ಹಾಯಿ. ಗೋವಾದಲ್ಲಿ ಕೆಲಸಕ್ಕಿದ್ದಾಗ ಹತ್ತಿಸಿಕೊಂಡ ಚಟ. ಭಾನುವಾರ ಬೆಳಗ್ಗೆ ಗಾಳಿ ಬಂದರೆ ಹೋಗುವುದು, ಬರದಿದ್ದರೆ ದೋಣಿಯಲ್ಲೇ ಕೂತು ಫ್ಲಾಸ್ಕಿನ ಚಹಾ ಕುಡಿಯುವುದು. ಕೋಡಿಬೆಂಗ್ರೆಗೆ ಜನ ಸಾಗಿಸುವ ಬಾರ್ಜಿನವರು ನನ್ನನ್ನು ಕಂಡಾಗಲೆಲ್ಲ ನಗುತ್ತಾರೆ. ಎಂಜಿನ್ನಿನ ಕಾಲದಲ್ಲಿ ಹಾಯಿ ಕಟ್ಟಿಕೊಂಡು ಒದ್ದಾಡುವವನು ಅವರಿಗೆ ಒಂದು ಮನರಂಜನೆ. ಈ ಕರಾವಳಿಯಲ್ಲಿ ಹಾಯಿ ಎನ್ನುವುದು ಹೊಟ್ಟೆಪಾಡಾಗಿತ್ತು. ಹಂಚು ಹೇರಿಕೊಂಡ ಮಚವೆಗಳು ಮುಂಬೈ ತನಕ ಹೋಗುತ್ತಿದ್ದ ಕಾಲವನ್ನು ಕಂಡ ಹಿರಿಯರು ಮೊನ್ನೆ ಮೊನ್ನೆಯವರೆಗೂ ಇದ್ದರು. ಮಳೆಗಾಲ ಹತ್ತಿರ ಬಂತೆಂದರೆ ಮಚವೆಗಳು ದಡ ಸೇರುತ್ತಿದ್ದವು, ಮತ್ತೆ ನೀರಿಗಿಳಿಯುವುದು ಕಡಲಿಗೆ ಪೂಜೆ ಕೊಟ್ಟ ಮೇಲೆಯೇ. ಹೋಗಬೇಕೋ ಬೇಡವೋ ಎಂಬುದನ್ನು ಪಂಚಾಂಗವೇ ತೀರ್ಮಾನಿಸಿಬಿಡುತ್ತಿತ್ತು. ಗಾಳಿಯ ಜೊತೆ ಸ್ಪರ್ಧೆ ಹೂಡುವ ಯೋಚನೆ ಅವರಿಗೆ ಬಂದಿರಲಾರದು. ಬಾಡಿಗೆ ಸರಕು ಹೇರಿಕೊಂಡವನಿಗೆ ಅದೆಲ್ಲಿಯ ಚಪಲ?

ಹಾಗಾಗಿ 2023ರ ಡಿಸೆಂಬರಿನಲ್ಲಿ ಸಿಡ್ನಿಗೆ ಹೋದಾಗ ಆ ಪಂದ್ಯವನ್ನು ಸ್ವಲ್ಪ ಕೊಂಕಿನಿಂದಲೇ ನೋಡುವ ಉದ್ದೇಶ ನನಗಿತ್ತು. ಪಶ್ಚಿಮದ ಬಡಾವಣೆಯೊಂದರಲ್ಲಿರುವ ಗೆಳೆಯನಿಗೆ ಇಪ್ಪತ್ತು ವರ್ಷಗಳಿಂದ ಬಾಕ್ಸಿಂಗ್ ಡೇ ಎಂದರೆ ಮೆಲ್ಬರ್ನ್‌ನ ಟೆಸ್ಟ್ ಪಂದ್ಯ ಮತ್ತು ಅಂಗಡಿಗಳ ರಿಯಾಯಿತಿ ಮಾರಾಟ. ಅದೇ ದಿನ ತನ್ನೂರಿನ ಬಂದರಿನಿಂದ ನೂರಕ್ಕೂ ಹೆಚ್ಚು ದೋಣಿಗಳು ಹೊರಡುವುದನ್ನು ಅವನು ಟಿ.ವಿ.ಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ನನ್ನ ದೆಸೆಯಿಂದ ಟಿ.ವಿ. ಬಿಟ್ಟು ಎದ್ದ. ಅವನ ಹೆಂಡತಿ ಚಿತ್ರಾನ್ನ ಕಟ್ಟಿಕೊಟ್ಟರು. ನಾವು ವಾಟ್ಸನ್ಸ್ ಬೇ ದಾಟಿ, ಕ್ಯಾಂಪ್ ಕೋವ್‌ನ ಮರಳ ಮೇಲಿಂದ ಸೌತ್ ಹೆಡ್‌ನ ಬಂಡೆಗಳಿಗೆ ಹತ್ತಿದೆವು. ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಹಾರ್ನ್‌ಬಿ ದೀಪಸ್ತಂಭ. ಆಚೆ ನಾರ್ತ್ ಹೆಡ್‌ನ ಗೋಡೆಯಂಥ ಬಂಡೆ. ಇವೆರಡರ ನಡುವಿನ ಬಾಗಿಲಿನಿಂದ ಇಡೀ ಪಂದ್ಯ ಹೊರಗೆ ಹರಿಯಬೇಕು.

ಎಷ್ಟು ಜನ! ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಮಕ್ಕಳು, ನಾಯಿಗಳು. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿ ಬೈನಾಕ್ಯುಲರ್ ಹಿಡಿದು ಕೂತಿದ್ದರು. ನಾನು ಹಾಯಿದೋಣಿಯವನು ಎಂದು ಗೆಳೆಯ ಹೇಳಿದ್ದೇ ತಡ, ಬೈನಾಕ್ಯುಲರ್ ನನ್ನ ಕೈಗೆ ಬಂತು. ಬದಲಿಗೆ ಚಿತ್ರಾನ್ನ ಅವರ ಕೈಗೆ ಹೋಯಿತು. ಕಡಲೆಬೀಜವನ್ನು ಆರಿಸಿ ಆರಿಸಿ ತಿಂದು, ಇದು ಮಾತ್ರ ಬೇರೆ ಸಿಗುತ್ತದೆಯೇ ಎಂದು ಕೇಳಿದರು. ದೊಡ್ಡ ದೋಣಿಗಳನ್ನು ನೋಡಬೇಡ ಎಂದು ಅವರ ಸಲಹೆ. ಅವುಗಳನ್ನು ಸಂಜೆ ಸುದ್ದಿಯಲ್ಲಿ ತೋರಿಸುತ್ತಾರೆ, ಹಿಂದಿನ ಗೆರೆಯಲ್ಲಿರುವ ಚಿಕ್ಕವನ್ನು ನೋಡು.

ದೋಣಿಗಳ ಗಾತ್ರಕ್ಕೆ ತಕ್ಕಂತೆ ಒಂದರ ಹಿಂದೊಂದು ಪ್ರಾರಂಭದ ಗೆರೆಗಳಿರುತ್ತವೆ. ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರುತ್ತದೆ. ಅದಕ್ಕೆ ಮುಂಚಿನ ಹತ್ತು ನಿಮಿಷಗಳಿವೆಯಲ್ಲ, ಅವು ನನ್ನನ್ನು ಹಿಡಿದು ಕೂರಿಸಿದವು. ಹಾಯಿದೋಣಿಗೆ ಬ್ರೇಕ್ ಇಲ್ಲ. ಓಟದ ಪಂದ್ಯದಲ್ಲಾದರೆ ಗೆರೆಯ ಮೇಲೆ ಕಾಲಿಟ್ಟು ಕಾಯಬಹುದು. ಇಲ್ಲಿ ಎಲ್ಲರೂ ಚಲಿಸುತ್ತಲೇ ಇರಬೇಕು, ತೋಪು ಹಾರುವ ಕ್ಷಣಕ್ಕೆ ಸರಿಯಾಗಿ ಪೂರ್ಣ ವೇಗದಲ್ಲಿ ಗೆರೆಯ ಬಳಿ ಇರಬೇಕು, ಅದಕ್ಕೂ ಮೊದಲು ದಾಟಬಾರದು. ನೂರಡಿಯ ದೋಣಿಗಳು ಅಷ್ಟು ಇಕ್ಕಟ್ಟಿನಲ್ಲಿ ಸುತ್ತುತ್ತ, ಒಂದರ ಗಾಳಿಯನ್ನು ಇನ್ನೊಂದು ಕದಿಯುತ್ತ, ಬಲಗಡೆಯಿಂದ ಗಾಳಿ ಪಡೆಯುತ್ತಿರುವವನಿಗೆ ಎಡಗಡೆಯಿಂದ ಪಡೆಯುತ್ತಿರುವವನು ದಾರಿ ಬಿಡಬೇಕೆಂಬ ನಿಯಮವನ್ನು ಕೂಗಿ ಕೂಗಿ ನೆನಪಿಸುತ್ತ ಹರಿದಾಡುತ್ತಿದ್ದವು. ಆ ನಿಯಮ ನನಗೂ ಗೊತ್ತು. ಆದರೆ ನಮ್ಮ ಅಳಿವೆಯಲ್ಲಿ ದಾರಿ ಬಿಡಲು ಎದುರಿಗೆ ಇನ್ನೊಂದು ಹಾಯಿ ಬರಬೇಕಲ್ಲ!

ತೋಪಿನ ಹೊಗೆ ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಎಲ್ಲ ದೋಣಿಗಳೂ ಒಟ್ಟಿಗೆ ವಾಲಿದವು. ದೊಡ್ಡವು ನಮ್ಮ ಕೆಳಗೆ ಹಾದುಹೋಗುವಾಗ ಹಾಯಿಗಳ ಕರಕರ ಸದ್ದು ಬಂಡೆಯ ಮೇಲಕ್ಕೂ ಕೇಳಿಸಿತು. ಬಟ್ಟೆಯ ಸದ್ದಲ್ಲ ಅದು, ಕಾರ್ಬನ್ ನಾರಿನ ಗಡಸು ಹಾಳೆಗಳು ಬಿಗಿಯುವ ಸದ್ದು. ಒಂದು ಹಾಯಿಯ ಮೇಲೆ ವಕೀಲರಿಗೆ ಸಾಫ್ಟ್‌ವೇರ್ ಮಾರುವ ‘ಲಾಕನೆಕ್ಟ್’ ಕಂಪನಿಯ ಹೆಸರು. ಅದರ ಎದುರಾಳಿ ‘ಆಂಡೂ ಕೊಮಾಂಚಿ’. 2017ರಲ್ಲಿ ಇದೇ ಕೊಮಾಂಚಿ 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡುಗಳಲ್ಲಿ ಹೋಬಾರ್ಟ್ ಮುಟ್ಟಿ ದಾಖಲೆ ಬರೆದಿತ್ತು. ಸಮುದ್ರಕ್ಕೆ ಬಂದ ಕೂಡಲೇ ಗುರುತಿನ ಬೋಯ್ ಸುತ್ತಿ ಅವು ಬಲಕ್ಕೆ ತಿರುಗಿದವು. ಮುಂದೆ 628 ನಾಟಿಕಲ್ ಮೈಲಿ.

ಶಿಕ್ಷಕಿ ಹೇಳಿದ ಚಿಕ್ಕ ದೋಣಿಗಳು ಬರುವ ಹೊತ್ತಿಗೆ ಜನ ಕುರ್ಚಿ ಮಡಚಲು ಶುರುಮಾಡಿದ್ದರು. ನಾನು ಒಂದನ್ನೇ ಹಿಡಿದುಕೊಂಡೆ. ನೀಲಿ ಒಡಲು, ಮೂವತ್ತೈದು ಅಡಿ ಇರಬಹುದು. ಪ್ರೇಕ್ಷಕರ ಮೋಟಾರು ದೋಣಿಗಳು ಕಲಕಿದ ನೀರಿನಲ್ಲಿ ಅದು ಕುಣಿಯುತ್ತಿತ್ತು. ಚುಕ್ಕಾಣಿ ಹಿಡಿದ ಹೆಂಗಸು ಒಮ್ಮೆಯೂ ದಡದ ಕಡೆ ನೋಡಲಿಲ್ಲ, ಎದುರಿನ ನೀರನ್ನೂ ಹೆಚ್ಚು ನೋಡಲಿಲ್ಲ. ಅವಳ ಕಣ್ಣು ಮುಂದಿನ ಹಾಯಿಗೆ ಅಂಟಿಸಿದ ಎರಡು ಉಣ್ಣೆ ದಾರದ ತುಂಡುಗಳ ಮೇಲಿತ್ತು. ಹಾಯಿಯ ಎರಡೂ ಬದಿಯ ದಾರಗಳು ಸಮನಾಗಿ ಹಿಂದಕ್ಕೆ ಹಾರುತ್ತಿದ್ದರೆ ಗಾಳಿ ಸರಿಯಾಗಿ ಹರಿಯುತ್ತಿದೆ ಎಂದರ್ಥ; ಒಂದು ನಡುಗಿದರೂ ಚುಕ್ಕಾಣಿಯನ್ನು ಬೆರಳಿನಷ್ಟು ತಿರುಗಿಸಬೇಕು, ಇಲ್ಲವೇ ಹಗ್ಗವನ್ನು ಒಂದಿಷ್ಟು ಬಿಗಿಯಬೇಕು. ಅವಳು ಬೆರಳಿನಷ್ಟೇ ತಿರುಗಿಸುತ್ತಿದ್ದಳು, ಬಿಡದೆ. ಅವಳ ಹಿಂದೆ ಒಬ್ಬ ಹಗ್ಗ ಹಿಡಿದು, ಅವಳು ಬಾಯಿ ಬಿಡುವ ಮುಂಚೆಯೇ ಎಳೆಯುತ್ತಿದ್ದ. ಇನ್ನು ಮೂರು ನಾಲ್ಕು ದಿನ ಹಗಲಿರುಳು, ಪಾಳಿ ಬದಲಿಸಿಕೊಂಡು, ಇದೇ ಕೆಲಸ.

ಅಂಥ ದಾರಗಳು ನನ್ನ ಹಾಯಿಯಲ್ಲೂ ಇವೆ. ದೋಣಿ ಕೊಂಡಾಗಲೇ ಇದ್ದವು. ವಿಹಾರಿ ಗಾಳಿಯ ಗೆಳೆಯ, ಪಂದ್ಯದವನು ಗಾಳಿಯನ್ನು ದುಡಿಸಿಕೊಳ್ಳುವವನು ಎಂಬ ಮಾತನ್ನು ನಮ್ಮಂಥವರು ಹೇಳಿಕೊಂಡು ತಿರುಗುತ್ತೇವೆ. ಆ ಹೆಂಗಸನ್ನು ನೋಡಿದ ಮೇಲೆ ಆ ಮಾತಿನ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಗಾಳಿಯನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ನಾನು ಎಂದಾದರೂ ಕೇಳಿದ್ದುಂಟೇ? ನಾನು ಗಾಳಿಯಲ್ಲಿ ಕೂತು ಆಫೀಸನ್ನು ಮರೆಯುತ್ತೇನೆ. ಅದಕ್ಕೆ ಬೆಲೆ ಇಲ್ಲವೆಂದಲ್ಲ. ಆದರೆ ಅದರಲ್ಲಿ ಗಾಳಿಯ ಪಾಲು ಕಡಿಮೆ.

ಅಂದು ಸಂಜೆಗೆ ಗುಡುಗು ಮಿಂಚಿನ ಎಚ್ಚರಿಕೆ ಇತ್ತು. ಕಡಲಿನ ನಡುವೆ ಎತ್ತರದ ಕೂವೆಯ ಕೆಳಗೆ ಕೂತವರಿಗೆ ಮಿಂಚು ಅಂದರೇನು ಎಂದು ಹೇಳಬೇಕಿಲ್ಲ. ಸಿಡಿಲಿನ ಭಯವಿದ್ದಾಗ ಕೈ ರೇಡಿಯೊ, ಫೋನುಗಳನ್ನು ಅಡುಗೆಯ ಓವನ್‌ನೊಳಗೆ ಇಟ್ಟು ಬಾಗಿಲು ಹಾಕುವ ರೂಢಿ ನಾವಿಕರಲ್ಲಿದೆ. ಲೋಹದ ಪೆಟ್ಟಿಗೆ ಅವನ್ನು ಕಾಯುತ್ತದೆ. ಅದಕ್ಕಿಂತ ಹೆಚ್ಚಾಗಿ ಆ ಕರಾವಳಿ ಹೆದರುವುದು ತೆಂಕಣದಿಂದ ಏಕಾಏಕಿ ಬಂದೆರಗುವ ಗಾಳಿಗೆ. ನಮ್ಮ ಕಾವ್ಯದಲ್ಲಿ ತೆಂಗಾಳಿ ಚಂದನದ ಬೆಟ್ಟದಿಂದ ಬರುತ್ತದೆ, ವಿರಹಿಗಳನ್ನು ಕಾಡುವುದೇ ಅದರ ಕೆಲಸ. ಅಲ್ಲಿ ತೆಂಕಣಕ್ಕೆ ಇರುವುದು ಹಿಮದ ಖಂಡ. ಬಿಸಿಲಲ್ಲಿ ಬೆವರುತ್ತಿದ್ದ ಊರು ಅರ್ಧ ಗಂಟೆಯಲ್ಲಿ ಸ್ವೆಟರ್ ಹುಡುಕುತ್ತದೆ. ಆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಕಡಲ ಪ್ರವಾಹಕ್ಕೆ ಎದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಮುರಿಯುತ್ತ ಏಳುತ್ತವೆ. ಆಸ್ಟ್ರೇಲಿಯಾಕ್ಕೂ ಟಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿ ಆಳವಿಲ್ಲದ್ದು, ಅಲೆಗಳಿಗೆ ಅಲ್ಲಿ ಇನ್ನಷ್ಟು ಸಿಟ್ಟು.

1998ರ ಪಂದ್ಯ ಹಾಳಾದದ್ದು ಅಲ್ಲಿ. ಹೊರಟದ್ದು 115 ದೋಣಿಗಳು, ಹೋಬಾರ್ಟ್ ಮುಟ್ಟಿದ್ದು 44. ಐದು ದೋಣಿಗಳು ಮುಳುಗಿದವು, 55 ಜನರನ್ನು ಕಡಲಿನಿಂದ ಎತ್ತಿ ತರಬೇಕಾಯಿತು, ಆರು ನಾವಿಕರು ಸತ್ತರು. ಆ ಮೇಲೆ ಬಂದ ನಿಯಮಗಳು ಬಹಳ. ಅವುಗಳಲ್ಲಿ ಒಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮುಖ್ಯ ಭೂಮಿಯ ಆಗ್ನೇಯ ಮೂಲೆಯಲ್ಲಿ ಗ್ರೀನ್ ಕೇಪ್ ಎಂಬ ಭೂಶಿರವಿದೆ, ಮೇಲೊಂದು ದೀಪಸ್ತಂಭ. ಅದನ್ನು ದಾಟಿದರೆ ಬಾಸ್ ಜಲಸಂಧಿ, ಅಡಗಲು ಬಂದರಿಲ್ಲ. ಅದಕ್ಕೆ ಮುಂಚೆ ಪ್ರತಿ ದೋಣಿಯೂ ರೇಡಿಯೊದಲ್ಲಿ ಘೋಷಿಸಬೇಕು: ನಮ್ಮ ದೋಣಿ, ನಮ್ಮ ಜನ ಮುಂದೆ ಹೋಗಲು ಯೋಗ್ಯರಾಗಿದ್ದೇವೆ, ಹವಾಮಾನ ನೋಡಿಕೊಂಡಿದ್ದೇವೆ, ಹೋಗುತ್ತೇವೆ. ಪಂದ್ಯದಲ್ಲಿ ಭಾಗವಹಿಸುವುದೂ ಮುಂದುವರಿಯುವುದೂ ಆಯಾ ದೋಣಿಯದೇ ಹೊಣೆ ಎಂದು ಹಾಯಿಪಂದ್ಯಗಳ ನಿಯಮ ಮೊದಲಿನಿಂದಲೂ ಹೇಳುತ್ತಲೇ ಇತ್ತು. ಗ್ರೀನ್ ಕೇಪಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲೇಬೇಕು, ಅಷ್ಟೇ ವ್ಯತ್ಯಾಸ. ಆದರೆ ನಡುರಾತ್ರಿ, ತೊಯ್ದು ತೊಪ್ಪೆಯಾಗಿ, ಅರ್ಧ ಜನ ವಾಂತಿ ಮಾಡಿಕೊಂಡು ಮಲಗಿರುವಾಗ, ಎದುರಾಳಿ ಎರಡು ಮೈಲಿ ಮುಂದಿರುವಾಗ ಮೈಕ್ ಒತ್ತಿ ಆ ವಾಕ್ಯ ಹೇಳುವವನ ಗಂಟಲನ್ನು ಊಹಿಸಿಕೊಳ್ಳಿ. ಬಾಯಿಬಿಟ್ಟು ಹೇಳಬೇಕಾದಾಗ ಮನುಷ್ಯ ಇನ್ನೊಮ್ಮೆ ಯೋಚಿಸುತ್ತಾನೆ.

ನನ್ನ ಮಟ್ಟಿಗೆ ಹಿಂದಿರುಗುವುದು ಒಂದು ತೀರ್ಮಾನವೇ ಅಲ್ಲ. ಪಡುವಣದಲ್ಲಿ ಮೋಡ ಕಪ್ಪಾದರೆ ತಿರುಗಿಸುತ್ತೇನೆ. ಹಸಿವಾದರೂ ತಿರುಗಿಸುತ್ತೇನೆ.

ಹೋಬಾರ್ಟ್‌ನಲ್ಲಿ ಇಳಿದಾಗ ಬೇರೆಯೇ ದೇಶಕ್ಕೆ ಬಂದ ಅನುಭವ. ಸಿಡ್ನಿಯ ಝಳ ಇಲ್ಲ, ಗದ್ದಲ ಇಲ್ಲ. ಊರಿನ ಬೆನ್ನಿಗೇ 1,271 ಮೀಟರ್ ಎತ್ತರದ ಬೆಟ್ಟ. ಮೂಲನಿವಾಸಿಗಳ ಹೆಸರು ಕುನಾನಿ, ಬಿಳಿಯರದು ಮೌಂಟ್ ವೆಲಿಂಗ್ಟನ್, ಈಗ ಎರಡೂ ಅಧಿಕೃತ. ಆ ಬೆಟ್ಟದ ತಪ್ಪಲಲ್ಲಿ ಬಿಳಿ ಕಲ್ಲು ಜೋಡಿಸಿ ಬರೆದ ದೊಡ್ಡ ಅಕ್ಷರಗಳನ್ನು ದೂರದಿಂದ ಓದಿ ನನ್ನ ಕಣ್ಣನ್ನೇ ನಂಬಲಿಲ್ಲ. ‘ಕೀನ್ಸ್ ಕರಿ’! ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ವಲಸೆ ಬಂದ ಜೋಸೆಫ್ ಕೀನ್ ಎಂಬ ಇಂಗ್ಲಿಷಿನವನು ಮಾಡಿದ ಮಸಾಲೆ ಪುಡಿಯ ಜಾಹೀರಾತು ಅದು, ನೂರು ವರ್ಷಕ್ಕೂ ಹಳೆಯದು, ಊರಿನವರಿಗೆ ಈಗ ಅದರ ಮೇಲೆ ಮಮತೆ. ಆ ಪುಡಿಯ ಕೃಪೆಯಿಂದಲೋ ಏನೋ, ಟಾಸ್ಮೇನಿಯಾದವರು ತಮ್ಮ ಕಡಲಿನ ಸ್ಕ್ಯಾಲಪ್ ಚಿಪ್ಪಿನ ಮಾಂಸವನ್ನು ಹಳದಿ ಕರಿಯಲ್ಲಿ ಬೇಯಿಸಿ ಪೈ ಮಾಡುತ್ತಾರೆ. ಬಂದರಿನಲ್ಲಿ ನಿಂತು ತಿಂದೆ. ಮರುವಾಯಿ ಸುಕ್ಕ ತಿಂದು ಬೆಳೆದ ನಾಲಗೆಗೆ ಅದರ ಖಾರ ಎಲ್ಲಿ ಅಡಗಿದೆ ಎಂದು ಹುಡುಕುವಂತಾಯಿತು. ಬ್ಯಾಡಗಿ ಮೆಣಸಿಲ್ಲ, ಹುರಿದ ಕೊತ್ತಂಬರಿಯಿಲ್ಲ, ತೆಂಗಿನ ಸುಳಿವಿಲ್ಲ. ಆದರೆ ಒಳಗಿನ ಚಿಪ್ಪುಮಾಂಸ ಬೆಣ್ಣೆಯಷ್ಟು ಮೃದು, ಎಳೆ ಸಿಹಿ. ಮಸಾಲೆ ಕಡಿಮೆ ಇದ್ದದ್ದೇ ಒಳ್ಳೆಯದಾಯಿತು ಎಂದು ಎರಡನೆಯದನ್ನು ತಿನ್ನುವಾಗ ಅನ್ನಿಸಿತು. ಊರಲ್ಲಿ ಈ ಮಾತು ಆಡುವ ಧೈರ್ಯ ನನಗಿಲ್ಲ.

ಡಿಸೆಂಬರ್ 28ರ ಬೆಳಗ್ಗೆ ಎಂಟಕ್ಕೆ ಮುಂಚೆಯೇ ಕ್ಯಾಸ್ಟ್ರೇ ಎಸ್ಪ್ಲನೇಡಿನ ದಂಡೆ ತುಂಬಿತ್ತು. ಕಡಲಿನಿಂದ ಡರ್ವೆಂಟ್ ನದಿಯೊಳಕ್ಕೆ ಬಂದ ಮೇಲೂ ಹನ್ನೊಂದು ಮೈಲಿಯಷ್ಟು ಬಾಕಿ ಇರುತ್ತದೆ, ಆ ನದಿಯ ಗಾಳಿ ಹೇಳಿದ ಮಾತು ಕೇಳುವಂಥದ್ದಲ್ಲ. ಅಷ್ಟು ದೂರ ಮುಂದಿದ್ದವರು ಇಲ್ಲಿ ಬಂದು ಕನ್ನಡಿಯಂಥ ನೀರಿನಲ್ಲಿ ಸಿಕ್ಕಿಬಿದ್ದ ಕತೆಗಳು ಬೇಕಾದಷ್ಟಿವೆ. ಅಂದು ಎರಡು ಹಾಯಿಗಳು ಒಟ್ಟಿಗೆ ಕಂಡವು. ಕೊಮಾಂಚಿ ಮುಂದೆ, ಲಾಕನೆಕ್ಟ್ ಹಿಂದೆ. ಅಂತರ ಕರಗಿತು. ದಂಡೆಯಿಂದ ನೋಡುವವರಿಗೆ ಯಾರು ಮುಂದೆ ಎಂದು ಹೇಳುವುದೇ ಕಷ್ಟ. ಲಾಕನೆಕ್ಟ್ ಮುಂದೆ ಬಂತು ಎಂದು ಒಬ್ಬ ಕೂಗಿದ, ಇಲ್ಲ ಕೊಮಾಂಚಿ ಎಂದು ಇನ್ನೊಬ್ಬ. ಇಬ್ಬರೂ ಸರಿಯೇ, ಮುನ್ನಡೆ ಒಮ್ಮೆ ಕೈ ಬದಲಾಗಿ, ತಿರುಗಿ ಹೋಗಿ, ಕೊನೆಯ ಗಳಿಗೆಯಲ್ಲಿ ಮತ್ತೆ ಬದಲಾಯಿತು. ನಾನೂ ಕೂಗುತ್ತಿದ್ದೆ. ಯಾರ ಪರ ಎಂದು ಕೇಳಿದರೆ ಹೇಳಲಾರೆ. ಲಾಕನೆಕ್ಟ್ 1 ದಿನ 19 ಗಂಟೆ 3 ನಿಮಿಷ 58 ಸೆಕೆಂಡು. ಕೊಮಾಂಚಿ 51 ಸೆಕೆಂಡು ತಡ. ಪಂದ್ಯದ ಚರಿತ್ರೆಯಲ್ಲಿ ಇದಕ್ಕಿಂತ ಹತ್ತಿರದ ಮುಕ್ತಾಯ ಒಂದೇ, 1982ರದ್ದು. ಆಗಿನ ಅಂತರ 7 ಸೆಕೆಂಡು.

ನೋಡಲು ಅದ್ಭುತ, ಸುಳ್ಳೇಕೆ. ಆದರೆ ಮೈಯ ಬಿಸಿ ಆರಿದ ಮೇಲೆ ಅದರಲ್ಲಿ ನನಗೆ ಉಳಿದದ್ದು ಹೆಚ್ಚಿಲ್ಲ. ಎರಡು ರಾತ್ರಿ ಒಂದೂವರೆ ಹಗಲು ಅವರು ಮಾಡಿದ್ದೆಲ್ಲ ನಮ್ಮ ಕಣ್ಣಿನ ಆಚೆ ನಡೆದಿತ್ತು. ನಾವು ಕಂಡದ್ದು ಲೆಕ್ಕದ ಕೊನೆಯ ಸಾಲು. ಅದೂ ನಿಜವಾದ ಕೊನೆಯ ಸಾಲಲ್ಲ. ಮೊದಲು ಗೆರೆ ದಾಟಿದವರಿಗೆ ಇಲಿಂಗ್‌ವರ್ತ್‌ನ ಹೆಸರಿನ ಕಪ್ ಸಿಗುತ್ತದೆ, ನಿಜ; ಪಂದ್ಯ ಗೆದ್ದವರಿಗೆ ಸಲ್ಲುವುದು ಟ್ಯಾಟರ್ಸಾಲ್ ಕಪ್. ಅದನ್ನು ನಿರ್ಧರಿಸುವುದು ಗಣಿತ. ದೋಣಿಯ ಉದ್ದ, ತೂಕ, ಹಾಯಿಯ ವಿಸ್ತಾರಗಳನ್ನೆಲ್ಲ ಅಳೆದು ಪ್ರತಿ ದೋಣಿಗೊಂದು ಗುಣಕ ಕೊಟ್ಟಿರುತ್ತಾರೆ, ತೆಗೆದುಕೊಂಡ ಸಮಯವನ್ನು ಅದರಿಂದ ಗುಣಿಸುತ್ತಾರೆ. ಚಿಕ್ಕ ದೋಣಿಯೊಂದು ಎರಡು ದಿನ ತಡವಾಗಿ ಬಂದೂ ಗೆದ್ದಿರಬಹುದು. ಆ ವರ್ಷ ಗೆದ್ದದ್ದು ಟಾಸ್ಮೇನಿಯಾದ್ದೇ ಆದ 66 ಅಡಿಯ ‘ಅಲೈವ್’. ಯಾರು ಯಾರಿಗಿಂತ ಮೇಲು ಎಂಬುದನ್ನು ಕಣ್ಣಿಗೆ ಕಂಡದ್ದರಿಂದ ಹೇಳಕೂಡದು ಎಂದು ಒಪ್ಪಿಕೊಂಡ ಆಟ ಇದು. ಹಾಗಿದ್ದೂ ಪತ್ರಿಕೆಗಳ ಮುಖಪುಟಕ್ಕೆ ಹೋದದ್ದು 51 ಸೆಕೆಂಡು.

ಮುಂದಿನ ದಿನಗಳಲ್ಲಿ ಕಾನ್‌ಸ್ಟಿಟ್ಯೂಷನ್ ಡಾಕಿನ ಸುತ್ತ ಅಲೆಯುವುದೇ ನನ್ನ ಕೆಲಸವಾಯಿತು. ದೋಣಿಗಳು ಒಂದೊಂದಾಗಿ ಬಂದು ಕಟ್ಟಿಕೊಳ್ಳುತ್ತಿದ್ದವು. ಒದ್ದೆ ಹಾಯಿಯನ್ನು ಹತ್ತು ಜನ ಎರಡು ಸಾಲಾಗಿ ನಿಂತು, ಮದುವೆ ಮನೆಯಲ್ಲಿ ಜಮಖಾನ ಮಡಚುವ ಹಾಗೆ, ಅಂಚಿಗೆ ಅಂಚು ಸೇರಿಸಿ ಮಡಚುವುದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ. ಒಬ್ಬ ಹುಡುಗಿಯ ಅಂಗೈಯಲ್ಲಿ ಹಗ್ಗ ಉಜ್ಜಿದ ಗೀರುಗಳು ಬೆಳ್ಳಗೆ ಸುಕ್ಕಾಗಿದ್ದವು, ಹುಬ್ಬಿನ ಕೂದಲಲ್ಲಿ ಉಪ್ಪಿನ ಹರಳು. ಬಿಸಿ ಚಿಪ್ಸ್‌ನ ಪೊಟ್ಟಣ ಹಿಡಿದಿದ್ದಳು, ಅದರ ಉಪ್ಪು ಗಾಯಕ್ಕೆ ತಾಗಿದಾಗಲೆಲ್ಲ ಕೈ ಕೊಡವುತ್ತಿದ್ದಳು. ತಿನ್ನುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಮಾತಿಗೆ ಸಿಕ್ಕವರು ಒಬ್ಬ ಮುದುಕರು. ಈಗ ಅವರದ್ದೊಂದು ಚಿಕ್ಕ ದೋಣಿ, ಫ್ಲಾಟ್‌ಹೆಡ್ ಮೀನಿಗೆ ಗಾಳ ಹಾಕಲು ಸಾಕು. 1998ರಲ್ಲಿ ಅವರು ಪಂದ್ಯದಲ್ಲಿದ್ದರು. ನಾನು ಕಿವಿ ನಿಮಿರಿಸಿದ್ದು ಕಂಡು ಕೈಯಾಡಿಸಿದರು. ನನ್ನ ಹತ್ತಿರ ಕತೆಯಿಲ್ಲ, ನಾವು ತಿರುಗಿಸಿದವರು. ಅವರ ಸ್ಕಿಪ್ಪರ್ ಗಾಳಿ ಏರುತ್ತಿದ್ದಾಗಲೇ ಸಾಕು ಎಂದು ಈಡನ್ ಬಂದರಿಗೆ ದೋಣಿ ತಿರುಗಿಸಿದನಂತೆ. ಇವರು ಬೇಡ ಎಂದು ಜಗಳ ಮಾಡಿದ್ದರು. ಒಂದು ವರ್ಷ ದುಡಿದು ಸಿದ್ಧವಾಗಿದ್ದೇವೆ, ದೋಣಿ ಗಟ್ಟಿಯಿದೆ, ಯಾಕೆ? ಈಡನ್ನಿನ ಹಡಗುಕಟ್ಟೆಯಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಯಾರದ್ದೋ ರೇಡಿಯೊದಲ್ಲಿ ಒಂದೊಂದೇ ದೋಣಿಯ ಹೆಸರು ಕೇಳುತ್ತ ಹೋದರು.

ಹಾಗಾದರೆ ನಿಮ್ಮ ಸ್ಕಿಪ್ಪರ್ ನಿಮ್ಮ ಜೀವ ಉಳಿಸಿದ ಎಂದೆ.

ಹಾಗೆ ಹೇಳಲಾರೆ ಎಂದರು. ನಮಗಿಂತ ಚಿಕ್ಕ ದೋಣಿಗಳೂ ಹೋಬಾರ್ಟ್ ಮುಟ್ಟಿವೆ. ನಾವೂ ಮುಟ್ಟುತ್ತಿದ್ದೆವೋ ಏನೋ. ಮುಂದೆ ಹೋದವನಿಗೆ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆ ರಾತ್ರಿಯೇ ಗೊತ್ತಾಗುತ್ತದೆ. ನಮ್ಮ ಸ್ಕಿಪ್ಪರ್‌ಗೆ ಸಾಯುವ ತನಕ ಗೊತ್ತಾಗಲಿಲ್ಲ, ನನಗೂ ಗೊತ್ತಾಗಿಲ್ಲ. ಮಾರನೆಯ ವರ್ಷ ಮತ್ತೆ ಅವನ ಜೊತೆಗೇ ಹೋದೆ, ಅದೇ ದೋಣಿ. ಗ್ರೀನ್ ಕೇಪಿನ ಹತ್ತಿರ ಎಲ್ಲರನ್ನೂ ಎಬ್ಬಿಸಿ ಒಬ್ಬೊಬ್ಬರನ್ನೇ ಕೇಳಿದ. ನನ್ನನ್ನು ಕೊನೆಗೆ ಕೇಳಿದ.

ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಸದಾಗಿ ಬಂದ ದೋಣಿಯ ಹಗ್ಗ ಹಿಡಿಯಲು ಎದ್ದು ಹೋದರು.

ಬಂದ ಮೇಲೆ ನನ್ನನ್ನು ಬಿಡದೆ ಕೆಣಕುತ್ತಿರುವುದು ಆ ಮುದುಕರ ಲೆಕ್ಕ. ಹಾಯಿಯ ಲೋಕದಲ್ಲಿ ತಿರುಗಿಸಿದವರಲ್ಲಿ ಪ್ರಸಿದ್ಧ ಎಂದರೆ ಬರ್ನಾರ್ ಮ್ವಾಟೆಸಿಯೆ. 1968ರಲ್ಲಿ ಶುರುವಾದ, ಒಬ್ಬನೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯದಲ್ಲಿ ಅವನು ಕೇಪ್ ಹಾರ್ನ್ ದಾಟಿ, ಇಂಗ್ಲೆಂಡಿನ ದಾರಿ ಬಿಟ್ಟು, ಪಂದ್ಯವನ್ನೇ ಕೈಬಿಟ್ಟು, ತಾಹಿತಿಗೆ ಹೊರಟುಹೋದ. ವಿಹಾರಿಗಳಿಗೆಲ್ಲ ಅವನು ಗುರು. (ಆ ಪಂದ್ಯ ಗೆದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್‌ನ ‘ಸುಹೈಲಿ’ ಮುಂಬೈಯಲ್ಲಿ ತೇಗದ ಮರದಲ್ಲಿ ಕಟ್ಟಿದ ದೋಣಿ, ನಮ್ಮ ಕಡೆಯ ಬಡಗಿಗಳ ಬಗ್ಗೆ ಯಾರಾದರೂ ಮಾತೆತ್ತಿದರೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.) ಆದರೆ ಮ್ವಾಟೆಸಿಯೆ ತಿರುಗಿಸಿದ್ದು ಕತೆಯಾಯಿತು, ಪುಸ್ತಕವಾಯಿತು. ಈಡನ್ನಿಗೆ ತಿರುಗಿಸಿದವರದ್ದು ಕತೆಯಾಗಲಿಲ್ಲ. ಯಾವ ಕಪ್ಪೂ ಇಲ್ಲದೆ, ಮಾಡಿದ್ದು ಸರಿ ಎಂಬ ರುಜುವಾತೂ ಇಲ್ಲದೆ, ಒಂದು ವರ್ಷದ ಸಿದ್ಧತೆಯನ್ನು ಬಿಟ್ಟು ಚುಕ್ಕಾಣಿ ತಿರುಗಿಸುವುದು ಪಂದ್ಯದಲ್ಲಿ ಗೆಲ್ಲುವುದಕ್ಕಿಂತ ಕಷ್ಟದ ಕೆಲಸ ಎಂದೇ ನನ್ನ ಅನಿಸಿಕೆ. ಹಸಿವಾದರೆ ತಿರುಗಿಸುವ ನನಗೆ ಆ ಕಷ್ಟದ ಗಂಧವೂ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ವಿವೇಕಕ್ಕೆ ಅಂಥ ತೂಕವೇನಿದೆ?

ಆಮೇಲೂ ಅಳಿವೆಗೆ ಹೋಗುತ್ತಿದ್ದೇನೆ. ಹಾಯಿಯ ಮೇಲಿನ ಹಳೆ ದಾರಗಳನ್ನು ಕಿತ್ತು ಹೊಸದಾಗಿ ಕೆಂಪು ಹಸಿರು ಉಣ್ಣೆ ಅಂಟಿಸಿದ್ದೇನೆ. ಈಗ ಕಣ್ಣು ಅಲ್ಲಿಗೇ ಹೋಗುತ್ತದೆ, ಫ್ಲಾಸ್ಕಿನ ಚಹಾ ಆರುತ್ತದೆ. ದೋಣಿ ಮೊದಲಿಗಿಂತ ಚೆನ್ನಾಗಿ ಓಡುತ್ತದೆ, ನಾನು ಮೊದಲಿನಷ್ಟು ಹಾಯಾಗಿಲ್ಲ. ಇದು ಲಾಭವೋ ನಷ್ಟವೋ ಇನ್ನೂ ತೀರ್ಮಾನವಾಗಿಲ್ಲ.

ಒಂದು ದಿನ ಬಲೆ ಸರಿಮಾಡುತ್ತಿದ್ದ ಪರಿಚಯದ ಮೀನುಗಾರನಿಗೆ ಇದನ್ನೆಲ್ಲ ವಿವರಿಸಿದೆ. ಗೆದ್ದವರಿಗೆ ಎಷ್ಟು ದುಡ್ಡು ಎಂದು ಕೇಳಿದ. ದುಡ್ಡಿಲ್ಲ, ಕಪ್ಪು, ಜೊತೆಗೆ ಒಂದು ಬೆಲೆಬಾಳುವ ಕೈಗಡಿಯಾರ ಎಂದೆ.

“ಗಡಿಯಾರಕ್ಕಾ?” ಎಂದು ಬಲೆ ಕೆಳಗಿಟ್ಟ. 1998ರ ಸುದ್ದಿ ಹೇಳಿದೆ. ಸುಮ್ಮನೆ ಕೇಳಿದ, ಅವನ ಮನೆಯಲ್ಲೂ ಕಡಲಿಗೆ ಹೋಗಿ ಬಾರದವರಿದ್ದಾರೆ. ಆಮೇಲೆ ಗ್ರೀನ್ ಕೇಪಿನ ನಿಯಮ ಹೇಳಿದೆ, ಮುಂದೆ ಹೋಗುತ್ತೀರಾ ಎಂದು ಅಲ್ಲಿ ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಂಡು ಉತ್ತರ ಕೊಡಬೇಕು ಎಂದೆ. ಅದು ಅವನಿಗೆ ಹಿಡಿಸಿತು. ಬೇಡ ಅಂದವರಿಗೆ ದಂಡ ಉಂಟಾ ಎಂದು ಕೇಳಿದ. ಇಲ್ಲ ಎಂದೆ.

“ಅಡ್ಡಿಲ್ಲ ಮರಾಯ್ರೆ,” ಎಂದು ಬಲೆಯನ್ನು ಮತ್ತೆ ಎತ್ತಿಕೊಂಡ. “ನಮ್ಗೂ ಕೇಂಬರ್ ಇದ್ರ್. ಬೋಟಿಗೆ ಸಾಲ ಕೊಟ್ಟರ್. ಅವ್ರ್ ಕೇಂಬುದ್ ಬೇರೆ: ಇವತ್ತ್ ಯಾಕೆ ಹೋಯ್ಲಿಲ್ಲ?”